ಐಸ್ ಕಾಫಿ ನೀರಾಗುತ್ತಿದ್ದರೆ ಪುಡಿಯನ್ನು ಬೈಯಬೇಡಿ

ಮನೆಯಲ್ಲಿ ಮಾಡುವ ಐಸ್ ಕಾಫಿ ನೀರು ನೀರಾಗುತ್ತದೆ, ಕೋಲ್ಡ್ ಬ್ರೂ ಮೇಕರ್ (ಪುಡಿಯನ್ನು ತಣ್ಣೀರಲ್ಲೇ ನೆನೆಸಿ ಕಾಫಿ ಇಳಿಸುವ ಜಾಡಿ) ಕೊಳ್ಳಲೋ ದುಬಾರಿ ಇನ್‌ಸ್ಟಂಟ್ ಪುಡಿ ಕೊಳ್ಳಲೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನೂ ಹೀಗೇ ಯೋಚಿಸಿ ಒಂದಿಡೀ ಬೇಸಿಗೆ ದುಡ್ಡು ಸುರಿದವಳು.

ಮೂರು ವರ್ಷದ ಹಿಂದಿನ ಏಪ್ರಿಲ್. ಸಕಲೇಶಪುರದ ಕಡೆಯಿಂದ ಚಿಕ್ಕಮ್ಮ ಬೆಂಗಳೂರಿಗೆ ಬಂದಿದ್ದರು. ಅವರದು ಸಣ್ಣ ಕಾಫಿ ತೋಟ. ತಮ್ಮದೇ ತೋಟದ ಬೀಜ ಹುರಿಸಿ, ಪುಡಿ ಮಾಡಿಸಿ ಅರ್ಧ ಕೆಜಿ ತಂದುಕೊಟ್ಟರು. ಹೊರಗೆ ಉರಿ ಬಿಸಿಲು. ಫಿಲ್ಟರ್‌ನಿಂದ ಆಗಷ್ಟೇ ಇಳಿದ ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸಿ, ದಿನಾ ಕುಡಿಯುವ ಹದದಲ್ಲೇ ಕಾಫಿ ಮಾಡಿ, ಗ್ಲಾಸಿನ ತುಂಬ ಐಸ್ ಹಾಕಿ ಅದರ ಮೇಲೆ ಸುರಿದೆ. ಚಟಪಟ ಸದ್ದು ಬಂತು, ನೋಡೋಕೆ ಚೆನ್ನಾಗಿತ್ತು. ಮಾತಾಡುತ್ತಾ ಐದು ನಿಮಿಷ ಆಗುವಷ್ಟರಲ್ಲಿ ಐಸ್ ತುಂಡುಗಳು ತೆಳ್ಳಗೆ ಕಲ್ಲುಸಕ್ಕರೆ ಚೂರಿನ ಹಾಗಾಗಿದ್ದವು. ಗ್ಲಾಸಿನ ಮೇಲ್ಭಾಗದಲ್ಲಿ ಎರಡು ಬೆರಳಗಲ ಬರೀ ಮಣ್ಣುಬಣ್ಣದ ನೀರು. ಚಿಕ್ಕಮ್ಮ ಒಂದು ಗುಟುಕು ಕುಡಿದು, "ಇದು ನಾನು ತಂದ ಪುಡಿ ಅಲ್ಲ ಅಲ್ವಾ?" ಅಂತ ಕೇಳಿದರು.

ಅವರ ತೋಟದ ಕಾಫಿ ಅವರಿಗೇ ಗುರುತು ಸಿಗಲಿಲ್ಲ. ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ಆಮೇಲೆ ಒಂದೂವರೆ ತಿಂಗಳು ನಾನು ಬರೀ ಪುಡಿ ಬದಲಾಯಿಸುತ್ತಾ ಹೋದೆ. ಪೀಬೆರಿ ತಂದೆ, ಬರೀ ಅರೇಬಿಕಾ ತಂದೆ, ರೊಬಸ್ಟಾ ಜಾಸ್ತಿ ಇರೋದು ತಂದೆ. ಗಾಜಿನ ಕೋಲ್ಡ್ ಬ್ರೂ ಜಾಡಿಯೂ ಬಂತು. ಒಂದೂ ಸರಿಹೋಗಲಿಲ್ಲ. ಕೊನೆಗೆ ಒಂದು ದಿನ ಅಡುಗೆಮನೆ ತಕ್ಕಡಿಯಲ್ಲಿ ತೂಗಿಯೇ ನೋಡಿದೆ. 150 ಗ್ರಾಂ ಬಿಸಿ ಕಾಫಿ ಐಸ್ ಮೇಲೆ ಹಾಕಿದ್ದೆ. ಚೆನ್ನಾಗಿ ತಣ್ಣಗಾದ ಮೇಲೆ ಉಳಿದ ಐಸ್ ಸೋಸಿ ತೆಗೆದು ಬರೀ ಕಾಫಿ ತೂಗಿದರೆ 260 ಗ್ರಾಂ ದಾಟಿತ್ತು.

ಇದೊಂದನ್ನು ದಯವಿಟ್ಟು ಸಮಾಧಾನವಾಗಿ ಓದಿ, ತಪ್ಪು ಇರುವುದೇ ಇಲ್ಲಿ. ಒಂದು ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾದರೆ ಒಂದು ಕ್ಯಾಲರಿ ಶಾಖ ಬಿಡುತ್ತದೆ. ಒಂದು ಗ್ರಾಂ ಐಸ್ ಕರಗೋಕೆ ಸುಮಾರು 80 ಕ್ಯಾಲರಿ ಬೇಕು. ಅಂದರೆ 80 ಡಿಗ್ರಿ ಬಿಸಿ ಇರುವ 100 ಗ್ರಾಂ ಕಾಫಿ ಐಸ್‌ನಷ್ಟು ತಣ್ಣಗಾಗಬೇಕಾದರೆ ಹೆಚ್ಚುಕಡಿಮೆ 100 ಗ್ರಾಂ ಐಸ್ ಕರಗಲೇಬೇಕು. ಒಂದು ಲೋಟ ಕಾಫಿಗೆ ನೀವೇ ಒಂದು ಲೋಟ ನೀರು ಬೆರೆಸಿದ ಹಾಗೆ. ಎಂಥ ಪುಡಿ ತಂದರೂ ಅಷ್ಟೇ. ಅದೇ ಕಾಫಿ ಫ್ರಿಜ್‌ನಲ್ಲಿ 5 ಡಿಗ್ರಿಗೆ ಇಳಿದಿದ್ದರೆ ಆರೇಳು ಗ್ರಾಂ ಐಸ್ ಕರಗಿದರೆ ಸಾಕು, ಆಮೇಲೆ ಅದು ನಿಧಾನವಾಗಿ ಕರಗುತ್ತದೆ, ಅಷ್ಟರಲ್ಲಿ ನೀವು ಕುಡಿದು ಮುಗಿಸಿರುತ್ತೀರಿ. ತಣ್ಣಗೆ ಮಾಡುವ ಕೆಲಸವನ್ನು ಐಸ್‌ಗೆ ಕೊಡಬಾರದು. ಆ ಕೆಲಸ ಫ್ರಿಜ್ ಮಾಡಲಿ.

ಈಗ ನಾನು ಮಾಡೋದು ಹೀಗೆ. ಮನೆಯ ಸ್ಟೀಲ್ ಫಿಲ್ಟರ್‌ಗೆ 30 ಗ್ರಾಂ ಪುಡಿ, ದೊಡ್ಡ ಚಮಚದಲ್ಲಿ ಗೋಪುರ ಮಾಡಿ ನಾಲ್ಕೈದು. ಒತ್ತುವ ಬಿಲ್ಲೆಯನ್ನು ಸುಮ್ನೆ ಕೂರಿಸಿ, ಅದುಮಬೇಡಿ. ಕುದಿ ನಿಂತ ನೀರು 120 ಮಿಲಿ, ಸುತ್ತ ಹರಡುವಂತೆ ನಿಧಾನವಾಗಿ ಹುಯ್ಯಿರಿ. ಕೆಳಗೆ 60 ಚಿಲ್ಲರೆ ಮಿಲಿ ಇಳಿಯುತ್ತದೆ, ಮಿಕ್ಕಿದ್ದನ್ನು ಪುಡಿಯೇ ಕುಡಿದಿರುತ್ತದೆ. ಚಮಚದ ಹಿಂಭಾಗಕ್ಕೆ ಅಂಟಿ ನಿಲ್ಲುವಷ್ಟು ಗಟ್ಟಿ ಡಿಕಾಕ್ಷನ್ ಅದು, ಎರಡು ಗ್ಲಾಸಿಗೆ ಸಾಕು. ಸಕ್ಕರೆಯನ್ನು ಇದು ಬಿಸಿ ಇರುವಾಗಲೇ ಹಾಕಿ ಕರಗಿಸಿ. ತಣ್ಣನೆ ಹಾಲಿಗೆ ಹಾಕಿದರೆ ತಳದಲ್ಲೇ ಕೂರುತ್ತದೆ. ತಣ್ಣಗಿದ್ದಾಗ ಸಿಹಿ ಕಡಿಮೆ ಅನಿಸುತ್ತದೆ, ಹಾಗಾಗಿ ಮಾಮೂಲಿಗಿಂತ ಅರ್ಧ ಚಮಚ ಜಾಸ್ತಿ.

ಅದೇ ಪುಡಿಯ ಮೇಲೆ ಮತ್ತೆ ನೀರು ಹಾಕಿ ಇಳಿಸುವ ಎರಡನೇ ಡಿಕಾಕ್ಷನ್ ಇದೆಯಲ್ಲ, ಅದನ್ನು ಐಸ್ ಟ್ರೇಗೆ ಹಾಕಿ ಫ್ರೀಜರ್‌ನಲ್ಲಿಡಿ. ಕರಗಿದರೂ ಕಾಫಿಯೇ ಕರಗುತ್ತದೆ.

ಹಾಲು ಕಾಯಿಸಿ ಆರಿಸಿದ್ದಾಗಿರಲಿ, ಆದರೆ ಕೆನೆ ಸೋಸಲೇಬೇಕು. ಬಿಸಿ ಕಾಫಿಯಲ್ಲಿ ಗೊತ್ತಾಗದ ಕೆನೆ ತಣ್ಣಗಿದ್ದಾಗ ಅಂಗುಳಿಗೆ ಮೇಣದ ಹಾಗೆ ಅಂಟುತ್ತದೆ. ಒಂದು ಗ್ಲಾಸಿಗೆ 30 ಮಿಲಿ ಡಿಕಾಕ್ಷನ್, 100 ಮಿಲಿ ತಣ್ಣನೆ ಗಟ್ಟಿ ಹಾಲು, ನಾಲ್ಕು ಕಾಫಿ ಐಸ್. ಇನ್ನೇನೂ ಬೇಡ.

ಪುಡಿಯಲ್ಲಿ ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಇರಲಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಹಾಲು, ಐಸ್ ಎರಡೂ ಸೇರುವಾಗ ಕಾಫಿಗೆ ಮೈ ಕೊಡುವುದು ಅದೇ. ನನಗೆ ಹಿಡಿಸಿದ್ದು 80 ಪಾಲು ಕಾಫಿಗೆ 20 ಪಾಲು ಚಿಕೋರಿ. ಪ್ಯಾಕೆಟ್ ಮೇಲೆ ಅಳತೆ ಬರೆದಿರುತ್ತದೆ, ನೋಡಿ ತನ್ನಿ. 49 ಪರ್ಸೆಂಟ್‌ವರೆಗೂ ಚಿಕೋರಿ ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ, ಅಷ್ಟು ಹಾಕಿದ್ದು ನನಗೆ ಕಷಾಯ ಕುಡಿದ ಹಾಗಾಗುತ್ತದೆ.

ಇನ್‌ಸ್ಟಂಟ್ ಪುಡಿ ಮಿಕ್ಸಿಯಲ್ಲಿ ತಿರುಗಿಸಿದರೆ ನೊರೆ ಬರುತ್ತದೆ ನಿಜ, ಆದರೆ ಅದು ಮಿಲ್ಕ್‌ಶೇಕ್. ಕೋಲ್ಡ್ ಬ್ರೂ ಹಾಲಿಲ್ಲದೆ ಕುಡಿಯುವವರಿಗೆ ಒಳ್ಳೆಯದು, ಅದಕ್ಕೂ ಮಷಿನ್ ಬೇಕಿಲ್ಲ, ತರಿತರಿ ಪುಡಿಯನ್ನು ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ ಬಟ್ಟೆಯಲ್ಲಿ ಸೋಸಿದರಾಯಿತು. ನೀವು ಹಾಲು ಹಾಕಿ ಕುಡಿಯೋರು ಅಂತ ಬರೆದಿದ್ದೀರಿ, ನಿಮಗೆ ಡಿಕಾಕ್ಷನ್ನೇ ಸರಿ.

ರಾತ್ರಿ ಊಟ ಆದಮೇಲೆ ಫಿಲ್ಟರ್ ಹಾಕಿ. ಮಲಗುವ ಮುಂಚೆ ಇಳಿದಿದ್ದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ಫ್ರಿಜ್‌ನಲ್ಲಿಡಿ. ತೆರೆದಿಟ್ಟರೆ ಬೆಳಗ್ಗೆ ಹೆಚ್ಚಿಟ್ಟ ಈರುಳ್ಳಿ ವಾಸನೆ ಹೊಡೆಯುತ್ತದೆ. ಮಾರನೇ ದಿನ ಮಧ್ಯಾಹ್ನದೊಳಗೆ ಕುಡಿದುಬಿಡಿ, ಆಮೇಲೆ ಆ ಘಮ ಇರಲ್ಲ.