ಶೋ ವಾದ್ಯವನ್ನು ಬೆಂಕಿಗೆ ಹಿಡಿಯುವುದೇಕೆ?

ಜಪಾನಿನ ಪ್ರಾಚೀನ ಆಸ್ಥಾನ ಸಂಗೀತವಾದ ಗಗಾಕುವಿನ ಕಛೇರಿಯ ವಿಡಿಯೊದಲ್ಲಿ ವಾದಕರು ಬಿದಿರಿನ ವಾದ್ಯವನ್ನು ಸಣ್ಣ ಒಲೆಯ ಮೇಲೆ ತಿರುಗಿಸುತ್ತಿದ್ದರು, ಅದು ಪೂಜಾವಿಧಿಯೇ ಎಂದು ಕೇಳಿದ್ದೀರಿ. ವಿಧಿಯಲ್ಲ, ವಾದ್ಯದ ಆರೈಕೆ.

ಆ ವಾದ್ಯದ ಹೆಸರು ಶೋ. ಬಟ್ಟಲಿನಂಥ ಬುಡದಲ್ಲಿ 17 ಬಿದಿರಿನ ಕೊಳವೆಗಳು ನಿಂತಿರುತ್ತವೆ. ನುಡಿಯುವುದು 15 ಮಾತ್ರ, ಉಳಿದೆರಡು ಮೂಕ. ನುಡಿಯುವ ಪ್ರತಿ ಕೊಳವೆಯ ತುದಿಯಲ್ಲೂ ಹಾರ್ಮೋನಿಯಂ ರೀಡಿನಂತಹ ತೆಳುವಾದ ಲೋಹದ ನಾಲಿಗೆಯಿದೆ. ಅದರ ಮೇಲೆ ಮೇಣದ ಪುಟ್ಟ ಚುಕ್ಕೆಯಿಟ್ಟು ಶ್ರುತಿ ಕೂಡಿಸುತ್ತಾರೆ. ವಾದಕರ ಉಸಿರಿನ ತೇವ ತಣ್ಣನೆಯ ನಾಲಿಗೆಗೆ ತಾಗಿ ನೀರಾದರೆ ಶ್ರುತಿ ಕೆಡುತ್ತದೆ, ಸ್ವರವೇ ನಿಂತುಹೋಗಬಹುದು. ಅದಕ್ಕೇ ನುಡಿಸುವ ಮೊದಲೂ ನಡುವಿನ ಬಿಡುವಿನಲ್ಲೂ ಕಾಯಿಸುತ್ತಾರೆ. ಹಿಂದೆ ಕೆಂಡ, ಈಗ ಹೆಚ್ಚಾಗಿ ವಿದ್ಯುತ್ ಒಲೆ.

ಇನ್ನೊಮ್ಮೆ ಕೇಳುವಾಗ ಉಸಿರನ್ನು ಗಮನಿಸಿ. ಊದಿದರೂ ಒಳಗೆಳೆದರೂ ಶೋ ನುಡಿಯುತ್ತದೆ, ಹಾಗಾಗಿ ನಾದ ಕಡಿಯುವುದೇ ಇಲ್ಲ. ಐದಾರು ಸ್ವರಗಳು ಒಟ್ಟಿಗೆ ಮೆಲ್ಲನೆ ಉಬ್ಬಿ, ಮತ್ತೆ ಇಳಿಯುವ ಆ ಕ್ಷಣ ನನಗೆ ಬಹಳ ಪ್ರಿಯ.

ನಮಗೂ ಈ ಪರಂಪರೆಗೂ ಒಂದು ನಂಟಿದೆ: 752ರಲ್ಲಿ ಜಪಾನಿನ ನಾರಾ ನಗರದ ತೋದಾಯ್‌ಜಿ ದೇವಾಲಯದಲ್ಲಿ ಮಹಾಬುದ್ಧನ ವಿಗ್ರಹದ ನೇತ್ರೋನ್ಮೀಲನ, ಅಂದರೆ ಕಣ್ಣು ತೆರೆಸುವ ವಿಧಿ, ನೆರವೇರಿಸಿದವರು ಭಾರತದ ಭಿಕ್ಷು ಬೋಧಿಸೇನ. ಅಂದು ಅಲ್ಲಿ ಹಲವು ದೇಶಗಳ ಸಂಗೀತ, ನೃತ್ಯಗಳು ನಡೆದವು.