ಮಾರಿದ ಕ್ಯಾಮೆರಾ, ಚೌಕಿಯ ಬಾಗಿಲು

ಶ್ರೀಧರ ಅವರು ಮನಸ್ಸಿನ ಸಮಾಲೋಚನೆಗೆಂದು ನನ್ನಲ್ಲಿಗೆ ಬಂದದ್ದು ದೀಪಾವಳಿ ಕಳೆದು ಮೂರು ವಾರಕ್ಕೆ. ಹೆಸರು, ಕೆಲಸ, ಮನೆಯ ಗುರುತು ಎಲ್ಲ ಬದಲಿಸಿದ್ದೇನೆ. ಬರೆಯಲು ಅವರೂ ಅವರ ಹೆಂಡತಿಯೂ ಒಪ್ಪಿದ್ದಾರೆ. ವಯಸ್ಸು 61, ಬ್ಯಾಂಕಿನಿಂದ ನಿವೃತ್ತಿ. ಕರೆದುಕೊಂಡು ಬಂದವರು ಹೆಂಡತಿ.

"ಮೇಡಂ, ಇವರು ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲ್ ಹಿಡ್ಕೊಂಡು ಕೂತ್ಕೊಳ್ತಾರೆ. ಎಂತ ನೋಡುದು ಅಂದ್ರೆ ಕ್ಯಾಮೆರಾದ ರೇಟು! ಮಾರಿ ಆದ ಮೇಲೆ ರೇಟು ನೋಡಿ ಎಂತ ಮಾಡ್ಲಿಕ್ಕುಂಟು?"

ಅವರು ತಲೆ ತಗ್ಗಿಸಿಯೇ ಹೇಳಿದರು: "ನಿಕಾನ್ ಎಫ್‌ಎಂ2. 1988ರಲ್ಲಿ ದುಬೈಯಿಂದ ಭಾವ ತಂದುಕೊಟ್ಟದ್ದು."

ಆಮೇಲೆ ಮುಕ್ಕಾಲು ಗಂಟೆ ಮಾತು ನಿಲ್ಲಲಿಲ್ಲ. ಮೂವತ್ತು ವರ್ಷಕ್ಕೂ ಜಾಸ್ತಿ ಅವರು ಆ ಕ್ಯಾಮೆರಾದಲ್ಲಿ ಯಕ್ಷಗಾನದ ಫೋಟೋ ತೆಗೆದಿದ್ದರು. ರಂಗಸ್ಥಳದ್ದಕ್ಕಿಂತ ಚೌಕಿಯದ್ದೇ, ಅಂದರೆ ವೇಷ ಕಟ್ಟುವ ಜಾಗದ್ದೇ ಹೆಚ್ಚು. ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರದವರು, ಕನ್ನಡಿ ಹಿಡಿದು, ಮುಖಕ್ಕೆ ಅಕ್ಕಿಹಿಟ್ಟು-ಸುಣ್ಣದ ಚುಟ್ಟಿಯನ್ನು ಚುಕ್ಕಿ ಚುಕ್ಕಿಯಾಗಿ ಇಡುವುದನ್ನು ಗಂಟೆಗಟ್ಟಲೆ ಕೂತು ನೋಡುತ್ತಿದ್ದರು. ಒಂದು ರೋಲಿಗೆ 36 ಚಿತ್ರ. ಸುಮ್ನೆ ಒತ್ತಿಬಿಡುವ ಹಾಗಿಲ್ಲ. ಬ್ಯಾಟರಿ ಸತ್ತರೆ ಬೆಳಕಿನ ಮೀಟರ್ ಮಾತ್ರ ನಿಲ್ಲುತ್ತಿತ್ತು, ಶಟರ್ ಕೆಲಸ ಮಾಡುತ್ತಿತ್ತು. ಅದನ್ನು ಹೇಳುವಾಗ ಅವರ ಹೆಬ್ಬೆರಳು ಗಾಳಿಯಲ್ಲೇ ಫಿಲ್ಮ್ ಮುಂದಕ್ಕೆ ತಳ್ಳುತ್ತಿತ್ತು.

ಮಳೆಗಾಲದ ಕತೆ ಬೇರೆ. ನಮ್ಮ ಕರಾವಳಿಯ ತೇವಕ್ಕೆ ಲೆನ್ಸಿನ ಒಳಗೆ ಬೂಸ್ಟು ಹಿಡಿಯುತ್ತದೆ, ಜೇಡರ ಬಲೆಯ ಹಾಗೆ. ಅದಕ್ಕೆ ಗಾಳಿಯಾಡದ ಡಬ್ಬಿ, ಅದರೊಳಗೆ ನೀಲಿ ಸಿಲಿಕಾ ಜೆಲ್. ತೇವ ಹೀರಿ ಅದು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದಕ್ಕೆಂದೇ ಇಟ್ಟ ಹಳೆ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ನೀಲಿ ಮಾಡುವುದು. ಪ್ರತಿ ಆಟಿಯಲ್ಲೂ, ತುಳುವರ ಆ ಮಳೆ ತಿಂಗಳಲ್ಲಿ, ಇದೇ ಕೆಲಸ.

ಆ ಮೇ ತಿಂಗಳಲ್ಲಿ ಹಳೆ ಮನೆ ಕೊಟ್ಟು ಮಣಿಪಾಲದ ಫ್ಲ್ಯಾಟಿಗೆ ಬಂದರು. ಕ್ಯಾಮೆರಾ, ಎರಡು ಲೆನ್ಸ್ ಸೇರಿ 18,000ಕ್ಕೆ ಬೆಂಗಳೂರಿನ ಹುಡುಗನೊಬ್ಬನಿಗೆ ಹೋಯಿತು. ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರನ್ನು ಗುಜರಿಯವರು ತೂಕಕ್ಕೆ ಹಾಕಿದರು. ಮೇ ಕೊನೆಯ ಪತ್ತನಾಜೆಯ ದಿನಕ್ಕೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ್ದವು, ಆಟ (ಪ್ರದರ್ಶನ) ಇರಲಿಲ್ಲ. ಹಾಗಾಗಿ ಮಳೆಗಾಲ ಪೂರ್ತಿ ಏನೂ ಅನಿಸಲಿಲ್ಲ. ನವೆಂಬರಿನಲ್ಲಿ ಮೇಳಗಳು ತಿರುಗಾಟಕ್ಕೆ ಹೊರಟವು. ಹತ್ತಿರದ ಒಂದು ಹರಕೆ ಆಟಕ್ಕೆ ಹೋದರು. "ಕೈ ಎಲ್ಲಿ ಇಟ್ಕೊಳ್ಳುದು ಅಂತ ಗೊತ್ತಾಗ್ಲಿಲ್ಲ ಮೇಡಂ. ಚೌಕಿಯ ಹೊರಗೆ ನಿಂತು ವಾಪಸ್ ಬಂದೆ." ಆ ರಾತ್ರಿಯಿಂದ ನಿದ್ದೆ ಹೋಯಿತು.

ಮೊದಲ ಭೇಟಿಯಲ್ಲಿ ನಾನು ತಪ್ಪಿದೆ. ನಿವೃತ್ತಿಯ ಖಾಲಿತನ ಎಂದುಕೊಂಡು ವಾಕಿಂಗ್, ಹೊಸ ಹವ್ಯಾಸ ಎಂದೆಲ್ಲ ಹೇಳಿದೆ. ಅವರು ಮರ್ಯಾದೆಗೆ ತಲೆಯಾಡಿಸಿದರು. ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ: ಊಟ, ಉಳಿದ ಆಸಕ್ತಿಗಳು, ಸಾಯುವ ಯೋಚನೆ, ಇದೆಲ್ಲ ನೇರವಾಗಿ ಕೇಳಿದ್ದೆ. ಖಿನ್ನತೆಯ ಗುರುತು ಇರಲಿಲ್ಲ. ಎರಡು ವಾರ ದಾಟಿಯೂ ಯಾವುದರಲ್ಲೂ ಮನಸ್ಸಿಲ್ಲ ಅಂದರೆ, ಇಲ್ಲವೇ ಬದುಕೇ ಬೇಡ ಎಂದು ಒಮ್ಮೆ ಅನಿಸಿದರೂ ಕಾಯಬಾರದು. ವೈದ್ಯರನ್ನು ಕಾಣಬೇಕು, ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು.

ಎರಡನೆಯ ಸಲ ಅವರೊಬ್ಬರನ್ನೇ ಕೂರಿಸಿಕೊಂಡೆ. ಮಾರಿ ಅಂತ ಹೇಳಿದ್ದು ಯಾರು ಎಂದು ಕೇಳಿದೆ. "ಯಾರೂ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು: "ಹೊಸ ಮನೆಯಲ್ಲಿ ಕಪಾಟು ಎರಡೇ ಇರುದು ಅಂತ ಇವಳು ಹೇಳಿದ್ಳು. ನಾನು ಆಯ್ತು ಅಂದೆ."

ಅಷ್ಟೇ ಆದದ್ದು. ಬೇಡ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಅದು ಎಷ್ಟು ಬೇಕಾದದ್ದು ಎಂದು ಹೆಂಡತಿಗೆ ತಿಳಿಯುವ ದಾರಿಯೂ ಇರಲಿಲ್ಲ. ಆರು ತಿಂಗಳ ಸಿಟ್ಟು ಒಳಗೇ ಇತ್ತು. ಇನ್ನೊಂದು ಸಂಗತಿಯೂ ಅವತ್ತೇ ಗೊತ್ತಾಯಿತು. ಅವರು ವೇಷಧಾರಿಯಲ್ಲ, ಭಾಗವತರಲ್ಲ, ಕಲಾವಿದರ ನೆಂಟರೂ ಅಲ್ಲ. ಕೊರಳಲ್ಲಿ ಕ್ಯಾಮೆರಾ ಇದ್ದದ್ದಕ್ಕೆ ಚೌಕಿಯಲ್ಲಿ ಅವರಿಗೊಂದು ಜಾಗ ಇತ್ತು. ಅದನ್ನು ಕೊಟ್ಟ ಮೇಲೆ ಒಳಗೆ ಹೋಗಲು ಏನು ನೆಪ?

ಇಂಥವರಿಗೆ "ಒಂದು ವಸ್ತುವಿಗೆ ಇಷ್ಟೆಲ್ಲ ಯಾಕೆ" ಎನ್ನುವುದು ಕ್ರೌರ್ಯ. ಹಾಗೆ ಹೇಳಬೇಡಿ ಎಂದು ಮನೆಯವರಿಗೆ ಮೊದಲು ಹೇಳಿದೆ.

ರೇಟು ನೋಡುವುದನ್ನು ನಿಲ್ಲಿಸಲು ಶ್ರೀಧರ ಅವರಿಗೆ ಖಡಾಖಂಡಿತವಾಗಿ ಹೇಳಿದೆ. 1990ರಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕೆಲವು ವಿದ್ಯಾರ್ಥಿಗಳಿಗೆ ಸಾಧಾರಣ ಕಾಫಿ ಮಗ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಎಂದು ಕೇಳಿದರು. ಕೊಳ್ಳುವವರು ಕೊಡಲು ಸಿದ್ಧರಿದ್ದ ಬೆಲೆಯ ಸುಮಾರು ಎರಡು ಪಟ್ಟು ಕೇಳಿದರಂತೆ. ಆಗಷ್ಟೇ ಕೈಗೆ ಬಂದ ಮಗ್ಗಿಗೇ ಹೀಗಾದರೆ, ಮೂವತ್ತು ವರ್ಷ ಜೊತೆಗಿದ್ದ ಕ್ಯಾಮೆರಾಕ್ಕೆ ಸರಿಯಾದ ಬೆಲೆ ಯಾರು ಕೊಡುತ್ತಾರೆ? 36,000 ಸಿಕ್ಕಿದ್ದರೂ ಆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಎಂದೆ. ಅದನ್ನವರು ಒಪ್ಪಿಕೊಂಡರು.

ಕೊಂಡ ಹುಡುಗನಿಗೆ ಅಷ್ಟರಲ್ಲಿ ಮೂರು ಸಲ ಫೋನ್ ಮಾಡಿದ್ದರು. ಅದನ್ನೂ ನಿಲ್ಲಿಸಿ, ಒಂದೇ ಒಂದು ಸಂದೇಶ ಬರೆಯಲು ಹೇಳಿದೆ: ಕ್ಯಾಮೆರಾ ಎಲ್ಲೆಲ್ಲಿ ತಿರುಗಿದೆ ಎಂಬುದು ಎರಡು ಸಾಲು, ಮುಂದೆ ಎಂದಾದರೂ ಮಾರುವುದಿದ್ದರೆ ಮೊದಲು ನನಗೆ ತಿಳಿಸಪ್ಪಾ ಎಂಬುದು ಒಂದು ಸಾಲು. ವಾಪಸ್ ಕೇಳುವ ಹಾಗಿಲ್ಲ. ಅವನು ದುಡ್ಡು ಕೊಟ್ಟು ಕೊಂಡದ್ದು, ಅದು ಅವನದು.

ಇನ್ನೊಂದು ಕೊಳ್ಳಬಹುದಾ ಎಂದು ಕೇಳಿದರು. ಬೇಡ ಎನ್ನಲಿಲ್ಲ. ಈ ತಿರುಗಾಟದಲ್ಲಿ ಐದು ಆಟಕ್ಕಾದರೂ ಬರಿಗೈಯಲ್ಲಿ ಹೋಗಿ, ಆಮೇಲೂ ಬೇಕು ಅನಿಸಿದರೆ ಹೆಂಡತಿಗೆ ಹೇಳಿಯೇ, ಹಗಲು ಹೊತ್ತಿನಲ್ಲಿ ಕೊಳ್ಳಿ ಎಂದೆ. ರಾತ್ರಿ ಎರಡು ಗಂಟೆಯ ಸಂಕಟಕ್ಕೆ ಕೊಂಡದ್ದು ಕಪಾಟಿನಲ್ಲೇ ಉಳಿಯುವುದನ್ನು ನೋಡಿದ್ದೇನೆ.

ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ನೆಗೆಟಿವ್ ಎಲ್ಲ ಉಂಟು ಮೇಡಂ. ಗೋದ್ರೆಜ್ ಕಪಾಟಿನಡಿ ಎರಡು ಟ್ರಂಕು." ಇದನ್ನು ಇಷ್ಟು ದಿನ ಹೇಳಿಯೇ ಇರಲಿಲ್ಲ! ಆ ಮಾತಿನ ಮೇಲೆ ಮುಂದಿನ ಸಲಹೆ ನಿಂತಿತು. ವಾರಕ್ಕೊಂದು ರೋಲ್ ಹೊರಗೆ ತೆಗೆಯುವುದು, ಬೆಳಕಿಗೆ ಹಿಡಿದು ಹೆಂಡತಿಯ ಜೊತೆ ಕೂತು ನೋಡುವುದು, ಯಾರ ವೇಷ, ಯಾವ ಊರಿನ ಆಟ ಎಂದು ಅವರ ಕೈಯಲ್ಲಿ ಬರೆಸುವುದು. ಒಳ್ಳೆಯದನ್ನು ಸ್ಕ್ಯಾನ್ ಮಾಡಿಸಿ, ಪ್ರಿಂಟ್ ಹಿಡಿದು ಚೌಕಿಗೆ ಹೋಗುವುದು.

ಮಾರುವ ಯೋಚನೆಯಲ್ಲಿರುವವರಿಗೆ ನಾನೀಗ ಹೇಳುವುದು ಸ್ವಲ್ಪವೇ. ಡಬ್ಬಿಯಲ್ಲಿ ಕಟ್ಟಿ ಒಂದು ತಿಂಗಳು ಕಣ್ಣಿಗೆ ಕಾಣದ ಹಾಗಿಡಿ. ಅದರ ಕತೆಯನ್ನು ಮನೆಯವರಿಗೆ ಒಮ್ಮೆ ಪೂರ್ತಿ ಹೇಳಿ. ಎಲ್ಲ ಕೊಡುವುದಾದರೂ ಕೈಗೆ ಅಭ್ಯಾಸವಾದ ಒಂದನ್ನು ಇಟ್ಟುಕೊಳ್ಳಿ.

ಜನವರಿಯಲ್ಲಿ ಶ್ರೀಧರ ಅವರು ಪ್ರಿಂಟ್ ಹಿಡಿದು ಒಂದು ಚೌಕಿಗೆ ಹೋದರು. ತೀರಿಹೋದ ಹಿರಿಯ ಕಲಾವಿದರೊಬ್ಬರ ಚಿತ್ರ ಅದು. ಅವರ ಮಗ ಈಗ ಅದೇ ಮೇಳದಲ್ಲಿದ್ದಾರೆ. ಬಣ್ಣದ ಕೈಯಲ್ಲಿ ಮುಟ್ಟುವುದು ಬೇಡ ಎಂದು, ಇವರೇ ಹಿಡಿದುಕೊಂಡಿರಲು ಹೇಳಿ ತುಂಬಾ ಹೊತ್ತು ನೋಡಿದರಂತೆ. ಕ್ಯಾಮೆರಾದ ನೆನಪಿಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ ಎಂದು ಅವರೇ ಹೇಳುತ್ತಾರೆ. ಆದರೆ ರಾತ್ರಿ ಏಳುವುದು ನಿಂತಿದೆ.

ಜೂನಿನಲ್ಲಿ ಹೆಂಡತಿ ಫೋನ್ ಮಾಡಿದರು. ನೆಗೆಟಿವ್ ಟ್ರಂಕಿಗೂ ಸಿಲಿಕಾ ಜೆಲ್ ಬೇಕಂತೆ. ಹಳೆ ಬಾಣಲೆ ಮನೆ ಬದಲಿಸುವಾಗ ಹೋಗಿತ್ತು. "ಇವತ್ತು ಸಂತೆಕಟ್ಟೆಯಿಂದ ಒಂದು ಸಣ್ಣದು ತಂದೆ ಮೇಡಂ. ಅಡುಗೆಗೆ ಮುಟ್ಲಿಕ್ಕಿಲ್ಲ ಅಂತ ಬರೆದು ಇಟ್ಟಿದ್ದೇನೆ."