ಓದುಗರ ಪ್ರಶ್ನೆ: ಪಿಂಗ್‌ಗೆ ಉತ್ತರವಿದೆ, ಸರ್ವರ್ ಮಾತ್ರ ಸಿಗುತ್ತಿಲ್ಲ

ಪ್ರಶ್ನೆ: ಮಾನ್ಯರೆ, ಕಲಬುರಗಿಯ ಒಂದು ದಾಲ್ ಮಿಲ್ಲಿನ ಕಚೇರಿಯಲ್ಲಿ ಲೆಕ್ಕಪತ್ರದ ಜೊತೆಗೆ ಕಂಪ್ಯೂಟರುಗಳ ಉಸ್ತುವಾರಿಯೂ ನನ್ನ ಮೇಲಿದೆ. ನಮ್ಮಲ್ಲಿರುವುದು ಒಂದೇ ಸರ್ವರ್ ಯಂತ್ರ. ಅದರೊಳಗೆ ವಿಂಡೋಸ್ ಸರ್ವರ್‌ನ ಹೈಪರ್-ವಿ (ಒಂದೇ ಯಂತ್ರದೊಳಗೆ ಹಲವು ಕಂಪ್ಯೂಟರುಗಳನ್ನು ಓಡಿಸುವ ತಂತ್ರಾಂಶ) ಬಳಸಿ ಎರಡು ವರ್ಚುವಲ್ ಸರ್ವರ್‌ಗಳನ್ನು ಮಾಡಿಕೊಟ್ಟಿದ್ದಾರೆ: ಟ್ಯಾಲಿ ಇರುವುದು 192.168.1.10ರಲ್ಲಿ, ಕಡತಗಳಿರುವುದು 192.168.1.11ರಲ್ಲಿ. ಭಾನುವಾರ ರಾತ್ರಿ ಕರೆಂಟು ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಎಲ್ಲವೂ ಬಂದ್ ಆಗಿತ್ತು. ಸೋಮವಾರ ಚಾಲೂ ಮಾಡಿದಾಗಿನಿಂದ ಕಡತಗಳ ಸರ್ವರ್ ಸರಿಯಾಗಿದೆ, ಟ್ಯಾಲಿ ಸರ್ವರ್ ಮಾತ್ರ ಯಾವ ಕಂಪ್ಯೂಟರಿಗೂ ಸಿಗುತ್ತಿಲ್ಲ. ಹೈಪರ್-ವಿ ಮ್ಯಾನೇಜರ್‌ನಲ್ಲಿ ಅದು ‘ರನ್ನಿಂಗ್’ ಎಂದೇ ಇದೆ. ಪಿಂಗ್ ಮಾಡಿದರೆ (ಅಂದರೆ ಯಂತ್ರ ಜಾಲದಲ್ಲಿ ಉತ್ತರ ಕೊಡುತ್ತದೆಯೇ ಎಂದು ಕೇಳಿ ನೋಡಿದರೆ) ‘ರಿಪ್ಲೈ ಫ್ರಮ್ 192.168.1.10: ಬೈಟ್ಸ್=32 ಟೈಮ್=6ಎಂಎಸ್ ಟಿಟಿಎಲ್=64’ ಎಂಬ ಉತ್ತರವೂ ಬರುತ್ತದೆ. ಆದರೆ ಹಂಚಿಕೆಯ ಫೋಲ್ಡರ್ ಆಗಲಿ, ರಿಮೋಟ್ ಡೆಸ್ಕ್‌ಟಾಪ್ ಆಗಲಿ ತೆರೆಯುವುದಿಲ್ಲ. ಸರ್ವರ್ ರಿಪೇರಿಗೆ ಬಂದವರು ‘ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಬೇಕು’ ಎನ್ನುತ್ತಾರೆ. ಗಂಜ್ ಮಾರುಕಟ್ಟೆಗೆ ತೊಗರಿ ಆವಕ ಜೋರಾಗಿರುವ ದಿನಗಳಿವು, ಬಿಲ್ಲು ನಿಲ್ಲಿಸುವಂತಿಲ್ಲ. ಫಾರ್ಮ್ಯಾಟ್ ಮಾಡಿಸಬೇಕೇ?
– ಹೆಸರು ಬೇಡವೆಂದವರು, ಕಲಬುರಗಿ

ಉತ್ತರ: ಮಾಡಿಸಬೇಡಿ. ಪರದೆಯ ಮೇಲೆ ಕಂಡ ಸಾಲನ್ನು ನೀವು ಅಕ್ಷರಶಃ ಬರೆದು ಕಳಿಸಿರುವುದು ಒಳ್ಳೆಯದಾಯಿತು, ಏಕೆಂದರೆ ನಿಮ್ಮ ತೊಂದರೆಯ ಮೂಲ ಆ ಸಾಲಿನ ಕೊನೆಯಲ್ಲಿಯೇ ಇದೆ. ಪಿಂಗ್‌ಗೆ ಉತ್ತರ ಕೊಡುವಾಗ ವಿಂಡೋಸ್ ಯಂತ್ರಗಳು ಟಿಟಿಎಲ್ ಮೌಲ್ಯವನ್ನು (ಸಂದೇಶ ಇನ್ನೆಷ್ಟು ರೂಟರ್ ದಾಟಬಹುದು ಎಂಬ ಲೆಕ್ಕ) 128 ಎಂದು ಇಟ್ಟು ಕಳಿಸುವುದು ರೂಢಿ. ಲಿನಕ್ಸ್ ಆಧಾರಿತ ಸಾಧನಗಳು, ಆಂಡ್ರಾಯ್ಡ್ ಫೋನುಗಳು, ಅನೇಕ ಕ್ಯಾಮೆರಾ ಹಾಗೂ ಹಾಜರಿ ಯಂತ್ರಗಳು 64 ಎಂದು ಕಳಿಸುತ್ತವೆ. ಒಂದೇ ಕಚೇರಿಯ ಒಂದೇ ಜಾಲದೊಳಗೆ ಈ ಸಂಖ್ಯೆ ದಾರಿಯಲ್ಲಿ ಕಡಿಮೆಯಾಗುವುದಿಲ್ಲ. ನಡುವೆ ರೂಟರ್ ದಾಟಿದಾಗ ಮಾತ್ರ ಒಂದೊಂದಾಗಿ ಇಳಿಯುತ್ತದೆ. ನಿಮ್ಮ ಟ್ಯಾಲಿ ಸರ್ವರ್ ವಿಂಡೋಸ್ ಆಗಿದ್ದೂ 64 ಬರುತ್ತಿದೆಯೆಂದರೆ ಉತ್ತರ ಕೊಡುತ್ತಿರುವುದು ನಿಮ್ಮ ಸರ್ವರ್ ಅಲ್ಲ. ಕಡತಗಳ ಸರ್ವರ್‌ಗೆ, ಅಂದರೆ 192.168.1.11ಕ್ಕೆ, ಒಮ್ಮೆ ಪಿಂಗ್ ಮಾಡಿ ಹೋಲಿಸಿ ನೋಡಿ. ಅಲ್ಲಿ 128 ಬರಬೇಕು. 6 ಮಿಲಿಸೆಕೆಂಡ್ ಎಂಬ ಅಂಕಿಯೂ ಅನುಮಾನಕ್ಕೆ ಆಸ್ಪದ ಕೊಡುತ್ತದೆ. ತಂತಿಯ ಮೂಲಕ ಕೂಡಿದ ಸರ್ವರ್ ಸಾಮಾನ್ಯವಾಗಿ 1 ಮಿಲಿಸೆಕೆಂಡಿನೊಳಗೆ ಉತ್ತರಿಸುತ್ತದೆ, ಆದ್ದರಿಂದ ಉತ್ತರ ವೈಫೈ ಮೂಲಕ ಬರುತ್ತಿರುವ ಸಾಧ್ಯತೆಯೇ ಹೆಚ್ಚು.

ಆಗಿರುವುದು ಬಹುಶಃ ಹೀಗೆ. ಟ್ಯಾಲಿ ಸರ್ವರ್‌ಗೆ 192.168.1.10 ಎಂಬ ವಿಳಾಸವನ್ನು ಕೈಯಿಂದ ಹಾಕಿದ್ದಾರೆ, ಆದರೆ ಆ ಸಂಗತಿಯನ್ನು ರೂಟರಿಗೆ ಯಾರೂ ತಿಳಿಸಿಲ್ಲ. ಹೊಸದಾಗಿ ಬರುವ ಸಾಧನಗಳಿಗೆಲ್ಲ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸ ರೂಟರಿನದು, ಮತ್ತು ಅದು ಹಂಚುವ ಸಾಲಿನಲ್ಲಿ 10 ಕೂಡ ಸೇರಿಕೊಂಡಿದೆ. ಸರ್ವರ್ ಹಗಲಿರುಳು ಚಾಲೂ ಇದ್ದಷ್ಟು ದಿನ ಇದರಿಂದ ತೊಂದರೆ ಕಾಣಲಿಲ್ಲ, ಏಕೆಂದರೆ ಆ ವಿಳಾಸ ಬಳಕೆಯಲ್ಲಿದೆ ಎಂಬುದು ಜಾಲದಲ್ಲಿ ಗೊತ್ತಾಗುತ್ತಿತ್ತು. ಕರೆಂಟು ಹೋದಾಗ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎಂಬ ಪಟ್ಟಿಯನ್ನು ಅನೇಕ ಸಣ್ಣ ರೂಟರುಗಳು ಮರೆತುಬಿಡುತ್ತವೆ. ಕರೆಂಟು ಬಂದ ಮೇಲೆ ರೂಟರ್ ಒಂದೆರಡು ನಿಮಿಷದಲ್ಲಿ ಎದ್ದು ಕುಳಿತರೆ, ದೊಡ್ಡ ಸರ್ವರ್ ಯಂತ್ರ ಏಳಲು, ಅದರೊಳಗಿನ ವರ್ಚುವಲ್ ಸರ್ವರ್ ಏಳಲು ಇನ್ನೂ ಹೊತ್ತು ಬೇಕು. ಆ ನಡುವಿನ ಹೊತ್ತಿನಲ್ಲಿ ಒಂದು ಹಾಜರಿ ಯಂತ್ರವೋ, ಯಾರದೋ ಫೋನೋ ವಿಳಾಸ ಕೇಳಿದೆ, ರೂಟರ್ 10ನ್ನು ಕೊಟ್ಟುಬಿಟ್ಟಿದೆ. ಊರಿಗೆ ಹೋಗಿ ಬರುವಷ್ಟರಲ್ಲಿ ನಮ್ಮ ಬಾಡಿಗೆ ಮನೆಗೆ ಬೇರೆಯವರು ಬಂದು ಕುಳಿತಂತೆ ಇದು. ತಡವಾಗಿ ಎದ್ದ ನಿಮ್ಮ ಸರ್ವರ್, ತನ್ನ ವಿಳಾಸ ಬೇರೆಯವರ ವಶದಲ್ಲಿರುವುದನ್ನು ಕಂಡು, ಅದನ್ನು ಬಳಸದೆ ಸುಮ್ಮನೆ ಕುಳಿತಿದೆ. ಹೈಪರ್-ವಿ ಮ್ಯಾನೇಜರ್‌ನ ‘ರನ್ನಿಂಗ್’ ಎಂಬ ಮಾತೂ ಸುಳ್ಳಲ್ಲ: ಯಂತ್ರ ಓಡುತ್ತಿದೆಯೇ ಎಂಬುದನ್ನಷ್ಟೇ ಅದು ಹೇಳುತ್ತದೆ, ಅದರ ಜಾಲ ಸರಿಯಾಗಿದೆಯೇ ಎಂಬುದು ಅದರ ಲೆಕ್ಕದಲ್ಲಿಲ್ಲ.

ಇದು ನನ್ನ ಊಹೆಯಷ್ಟೇ ಆಗಿ ಉಳಿಯಬಾರದು, ನೀವೇ ಖಚಿತ ಮಾಡಿಕೊಳ್ಳಿ. ಹೈಪರ್-ವಿ ಮ್ಯಾನೇಜರ್‌ನಲ್ಲಿ ಟ್ಯಾಲಿ ಸರ್ವರ್‌ನ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಅಡಾಪ್ಟರ್ ಇರುವಲ್ಲಿ ವರ್ಚುವಲ್ ಸ್ವಿಚ್‌ನ (ವರ್ಚುವಲ್ ಸರ್ವರನ್ನು ಕಚೇರಿಯ ಜಾಲಕ್ಕೆ ಕೂಡಿಸುವ ಕೊಂಡಿ) ಹೆಸರಿನ ಬದಲು ‘ನಾಟ್ ಕನೆಕ್ಟೆಡ್’ ಎಂದು ಆರಿಸಿ. ಅದಕ್ಕಾಗಿ ಸರ್ವರ್ ಬಂದ್ ಮಾಡಬೇಕಾಗಿಲ್ಲ. ಯಂತ್ರದಿಂದ ನೆಟ್‌ವರ್ಕ್ ತಂತಿ ಕಿತ್ತ ಹಾಗೆ ಅಷ್ಟೆ. ಈಗ ಬೇರೆ ಕಂಪ್ಯೂಟರಿನಿಂದ 192.168.1.10ಕ್ಕೆ ಪಿಂಗ್ ಮಾಡಿ. ತಂತಿ ಕಿತ್ತ ಮೇಲೂ ಉತ್ತರ ಬಂದರೆ ಉತ್ತರಿಸುತ್ತಿರುವವರು ಬೇರೆ ಎಂಬುದರಲ್ಲಿ ಸಂಶಯವಿಲ್ಲ. ಬಳಿಕ ಮೊದಲಿನ ಸ್ವಿಚ್ಚನ್ನೇ ಮತ್ತೆ ಆರಿಸಿಡಿ.

ಇನ್ನು ಆ ಬೇರೆಯವರು ಯಾರು ಎಂಬುದು. ಪಿಂಗ್ ಮಾಡಿದ ಕಂಪ್ಯೂಟರಿನಲ್ಲಿಯೇ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಆರ್‌ಪಿ -ಎ’ ಎಂಬ ಆಜ್ಞೆ ಕೊಟ್ಟರೆ, ಪ್ರತಿಯೊಂದು ಐಪಿ ವಿಳಾಸದ ಎದುರು ಆ ಸಾಧನದ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಅಡಾಪ್ಟರಿನ ಗುರುತಿನ ಸಂಖ್ಯೆ, ಕಾಣುತ್ತದೆ. ಹೈಪರ್-ವಿ ತಾನಾಗಿ ಕೊಡುವ ಮ್ಯಾಕ್ ವಿಳಾಸಗಳು 00-15-5ಡಿ ಎಂದು ಶುರುವಾಗುತ್ತವೆ, ನಿಮ್ಮ 192.168.1.11ರ ಎದುರು ಅದೇ ಇರಬೇಕು. 192.168.1.10ರ ಎದುರು ಬೇರೇನೋ ಇದ್ದರೆ ಅದನ್ನು ಬರೆದುಕೊಂಡು, ರೂಟರಿನ ಪುಟದಲ್ಲಿ ಡಿಎಚ್‌ಸಿಪಿ ಪಟ್ಟಿಯನ್ನು ತೆರೆದು ಹುಡುಕಿ. ಅನೇಕ ಸಲ ಸಾಧನದ ಹೆಸರೂ ಅಲ್ಲಿಯೇ ಸಿಗುತ್ತದೆ. (ವಿಎಂವೇರ್ ಬಳಸುವವರಿಗೆ ಈ ಆರಂಭ 00-50-56 ಅಥವಾ 00-0ಸಿ-29, ವರ್ಚುವಲ್‌ಬಾಕ್ಸ್ ಬಳಸುವವರಿಗೆ 08-00-27 ಎಂದಿರುತ್ತದೆ.)

ಸರ್ವರ್‌ನ ಕಡೆಯಿಂದಲೂ ಸಾಕ್ಷ್ಯ ಸಿಗುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಕೆಲಸ ಮಾಡದಿದ್ದರೂ ಹೈಪರ್-ವಿ ಮ್ಯಾನೇಜರ್‌ನಲ್ಲಿ ಆ ಸರ್ವರ್ ಮೇಲೆ ಬಲಗುಂಡಿ ಒತ್ತಿ ‘ಕನೆಕ್ಟ್’ ಎಂದರೆ ಅದರ ಪರದೆ ನೇರವಾಗಿ ತೆರೆಯುತ್ತದೆ, ಇದಕ್ಕೆ ಕಚೇರಿಯ ಜಾಲದ ಹಂಗಿಲ್ಲ. ರಿಪೇರಿಗೆ ಬಂದವರು ಈ ಪರದೆಯನ್ನು ತೆರೆದು ನೋಡಿದ್ದರೆ ಫಾರ್ಮ್ಯಾಟ್‌ನ ಮಾತೇ ಬರುತ್ತಿರಲಿಲ್ಲ ಎಂದು ನನಗನ್ನಿಸುತ್ತದೆ. ಲಾಗಿನ್ ಆಗಿ ‘ಐಪಿಕಾನ್ಫಿಗ್ /ಆಲ್’ ಎಂಬ ಆಜ್ಞೆ ಕೊಡಿ. 192.168.1.10ರ ಪಕ್ಕದಲ್ಲಿ ಆವರಣದೊಳಗೆ ‘ಡೂಪ್ಲಿಕೇಟ್’ ಎಂದಿದ್ದು, ಜೊತೆಗೆ 169.254 ಎಂದು ಶುರುವಾಗುವ ಇನ್ನೊಂದು ವಿಳಾಸ ಕಂಡರೆ ಮೇಲೆ ಹೇಳಿದ್ದೆಲ್ಲವೂ ಖಚಿತವಾಯಿತು. ಇವೆಂಟ್ ವ್ಯೂವರ್‌ನ ಸಿಸ್ಟಮ್ ವಿಭಾಗದಲ್ಲಿ 4199 ಸಂಖ್ಯೆಯ ದಾಖಲೆಯೂ ಇರುತ್ತದೆ, ವಿಳಾಸ ಹಿಡಿದು ಕುಳಿತ ಸಾಧನದ ಮ್ಯಾಕ್ ವಿಳಾಸ ಆ ದಾಖಲೆಯಲ್ಲಿಯೇ ನಮೂದಾಗಿರುತ್ತದೆ.

ಈಗ ಪರಿಹಾರ. ಆ ಸಾಧನವನ್ನು ಬಂದ್ ಮಾಡಿಸಿ, ಟ್ಯಾಲಿ ಸರ್ವರ್‌ನೊಳಗೆ ನೆಟ್‌ವರ್ಕ್ ಅಡಾಪ್ಟರನ್ನು ಒಮ್ಮೆ ಡಿಸೇಬಲ್ ಮಾಡಿ ಮತ್ತೆ ಎನೇಬಲ್ ಮಾಡಿದರೆ ಅದು ತನ್ನ ವಿಳಾಸವನ್ನು ಮರಳಿ ಪಡೆಯುತ್ತದೆ. ಉಳಿದ ಕಂಪ್ಯೂಟರುಗಳ ನೆನಪಿನಲ್ಲಿ ಹಳೆಯ ಮ್ಯಾಕ್ ವಿಳಾಸ ಸ್ವಲ್ಪ ಹೊತ್ತು ಉಳಿದಿರಬಹುದಾದ್ದರಿಂದ ಕೆಲವು ನಿಮಿಷ ಕಾಯಬೇಕಾದೀತು. ವಿಳಾಸ ಬಂದ ಮೇಲೂ ಫೋಲ್ಡರ್ ತೆರೆಯದಿದ್ದರೆ ಆ ನೆಟ್‌ವರ್ಕ್ ‘ಪಬ್ಲಿಕ್’ ಎಂದು ಗುರುತಾಗಿದೆಯೇ ನೋಡಿ. ವಿಳಾಸವಿಲ್ಲದೆ ಕುಳಿತಿದ್ದಾಗ ವಿಂಡೋಸ್ ಒಮ್ಮೊಮ್ಮೆ ಜಾಲವನ್ನು ಅಪರಿಚಿತವೆಂದು ಭಾವಿಸಿ ಫೈರ್‌ವಾಲ್ ಬಿಗಿ ಮಾಡಿರುತ್ತದೆ. ಅದನ್ನು ‘ಪ್ರೈವೇಟ್’ ಎಂದು ಬದಲಿಸಿ. ಟ್ಯಾಲಿ ತೆರೆದ ಕೂಡಲೇ ಬಿಲ್ಲು ಹಾಕಲು ಕೂರಬೇಡಿ. ಕರೆಂಟು ದಿಢೀರನೆ ಹೋದಾಗ ಬರೆಯುತ್ತಿದ್ದ ಕಡತಗಳು ಕೆಟ್ಟಿರಬಹುದು, ಪ್ರತಿಯೊಂದು ಕಂಪನಿಯನ್ನೂ ತೆರೆದು ಕೊನೆಯ ದಿನದ ನಮೂದುಗಳನ್ನು ನೋಡಿ, ಬ್ಯಾಕಪ್ ತೆಗೆದಿಟ್ಟು ಮುಂದುವರಿಯಿರಿ.

ಇದೇ ತೊಂದರೆ ಮತ್ತೆ ಬರಬಾರದೆಂದರೆ ರೂಟರಿನ ಸೆಟ್ಟಿಂಗ್ ಬದಲಿಸಲೇಬೇಕು. ಡಿಎಚ್‌ಸಿಪಿ ಹಂಚುವ ವಿಳಾಸಗಳು 192.168.1.100ರಿಂದ ಶುರುವಾಗುವಂತೆ ಮಾಡಿ, ಅದಕ್ಕಿಂತ ಕೆಳಗಿನವನ್ನು ಸರ್ವರ್, ಪ್ರಿಂಟರ್, ಕ್ಯಾಮೆರಾಗಳಿಗೆ ಮೀಸಲಿಡಿ. ಯಾವುದಕ್ಕೆ ಯಾವ ವಿಳಾಸ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಸರ್ವರ್ ಇರುವಲ್ಲಿ ಅಂಟಿಸಿ. ರೂಟರಿನಲ್ಲಿಯೇ ಮ್ಯಾಕ್ ವಿಳಾಸ ಕೊಟ್ಟು ಐಪಿ ಕಾಯ್ದಿರಿಸುವ ಇನ್ನೊಂದು ದಾರಿಯೂ ಇದೆ. ಆದರೆ ಆ ದಾರಿ ಹಿಡಿಯುವುದಾದರೆ ಹೈಪರ್-ವಿಯಲ್ಲಿ ಸರ್ವರ್‌ನ ಮ್ಯಾಕ್ ವಿಳಾಸವನ್ನು ‘ಡೈನಾಮಿಕ್’ನಿಂದ ‘ಸ್ಟ್ಯಾಟಿಕ್’ಗೆ ಬದಲಿಸಿಕೊಳ್ಳಿ, ಇಲ್ಲವಾದರೆ ಮುಂದೊಂದು ದಿನ ಆ ಸರ್ವರನ್ನು ಬೇರೆ ಯಂತ್ರಕ್ಕೆ ಸಾಗಿಸಿದಾಗ ಮ್ಯಾಕ್ ಬದಲಾಗಿ ಕಾಯ್ದಿರಿಸಿದ್ದು ವ್ಯರ್ಥವಾಗುತ್ತದೆ.

ಯುಪಿಎಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಲೆಡ್ ಆಸಿಡ್ ಬ್ಯಾಟರಿಯ ಆಯುಸ್ಸನ್ನು 25 ಡಿಗ್ರಿ ಉಷ್ಣಾಂಶಕ್ಕೆ ಲೆಕ್ಕ ಹಾಕಿರುತ್ತಾರೆ, ಅದಕ್ಕಿಂತ 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ, ಗಾಳಿಯಾಡದ ಕೋಣೆಯ ಮೂಲೆಯಲ್ಲಿ ಇಟ್ಟ ಯುಪಿಎಸ್ ಕಂಪನಿಯವರು ಹೇಳಿದಷ್ಟು ವರ್ಷ ಬಾಳುವುದಿಲ್ಲ. ಬ್ಯಾಟರಿ ಬದಲಿಸಿದಾಗ ಯುಪಿಎಸ್‌ನಿಂದ ಸರ್ವರ್‌ಗೆ ಯುಎಸ್‌ಬಿ ತಂತಿ ಹಾಕಿಸಿ, ಬ್ಯಾಟರಿ ಮುಗಿಯುವ ಮುನ್ನವೇ ಸರ್ವರ್ ಕ್ರಮವಾಗಿ ಬಂದ್ ಆಗುವ ತಂತ್ರಾಂಶವನ್ನೂ ಹಾಕಿಸಿ. ರೂಟರ್ ಮತ್ತು ನೆಟ್‌ವರ್ಕ್ ಸ್ವಿಚ್ಚನ್ನೂ ಅದೇ ಯುಪಿಎಸ್‌ಗೆ ಜೋಡಿಸಿ.

ಪ್ರಶ್ನೆ: ಬೀದರಿನ ಒಂದು ಸಹಕಾರ ಸಂಘದ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ವರ್ಚುವಲ್ ಸರ್ವರ್ ಮಧ್ಯಾಹ್ನ ಇದ್ದಕ್ಕಿದ್ದಂತೆ ನಿಂತುಹೋಗಿ ‘ಪಾಸ್ಡ್-ಕ್ರಿಟಿಕಲ್’ ಎಂದು ತೋರಿಸುತ್ತಿದೆ. ಮೂಲ ಯಂತ್ರವನ್ನು ರೀಸ್ಟಾರ್ಟ್ ಮಾಡಿದರೂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದೇ ಸ್ಥಿತಿ. ಡಿಸ್ಕಿನಲ್ಲಿ ‘ಎವಿಎಚ್‌ಡಿಎಕ್ಸ್’ ಎಂಬ ದೊಡ್ಡ ಕಡತಗಳಿವೆ, ಅವನ್ನು ಅಳಿಸಿದರೆ ಜಾಗವಾಗುತ್ತದೆಯೇ?
– ಓದುಗರು, ಬೀದರ್

ಉತ್ತರ: ಜಾಗವಾಗುತ್ತದೆ, ಸರ್ವರ್ ಉಳಿಯುವುದಿಲ್ಲ. ದಯವಿಟ್ಟು ಆ ಕಡತಗಳನ್ನು ಕೈಯಿಂದ ಮುಟ್ಟಬೇಡಿ. ಚೆಕ್‌ಪಾಯಿಂಟ್ (ಸರ್ವರ್‌ನ ಅಂದಿನ ಸ್ಥಿತಿಯನ್ನು ಹಿಡಿದಿಡುವ ಗುರುತು) ತೆಗೆದ ದಿನದಿಂದ ಇಂದಿನವರೆಗೆ ಸರ್ವರ್‌ನಲ್ಲಿ ಬರೆದದ್ದೆಲ್ಲವೂ ಅವುಗಳಲ್ಲಿಯೇ ಇದೆ, ಸರ್ವರ್‌ನ ಡಿಸ್ಕ್ ಆದ ಮೂಲ ವಿಎಚ್‌ಡಿಎಕ್ಸ್ ಕಡತದಲ್ಲಿರುವುದು ಆ ದಿನದ ಹಳೆಯ ಸ್ಥಿತಿ. ಮೂಲ ಯಂತ್ರದ ಡಿಸ್ಕ್ ತುಂಬಿಹೋದಾಗ ಮಾಹಿತಿ ಕೆಡದಿರಲೆಂದು ಹೈಪರ್-ವಿ ಸರ್ವರನ್ನು ಹೀಗೆ ತಡೆದು ನಿಲ್ಲಿಸುತ್ತದೆ. ಮೊದಲು ಅದೇ ಡಿಸ್ಕಿನಲ್ಲಿರುವ ಹಳೆಯ ಇನ್‌ಸ್ಟಾಲೇಶನ್ ಕಡತಗಳು, ಡೌನ್‌ಲೋಡ್‌ಗಳು, ಅಲ್ಲಿಯೇ ಬಿದ್ದಿರುವ ಬ್ಯಾಕಪ್ ಪ್ರತಿಗಳು ಮುಂತಾದವನ್ನು ಹೊರಗಿನ ಡಿಸ್ಕಿಗೆ ಸಾಗಿಸಿ ಜಾಗ ಮಾಡಿಕೊಂಡು, ಸರ್ವರ್ ಮೇಲೆ ‘ರೆಸ್ಯೂಮ್’ ಎನ್ನಿ. ಅದು ಎದ್ದ ಮೇಲೆ ಒಳಗಿನ ಮಾಹಿತಿಯ ಬ್ಯಾಕಪ್ ತೆಗೆದು, ಹೈಪರ್-ವಿ ಮ್ಯಾನೇಜರ್‌ನೊಳಗಿನಿಂದಲೇ ಚೆಕ್‌ಪಾಯಿಂಟನ್ನು ಡಿಲೀಟ್ ಮಾಡಿ. ಆಗ ಎವಿಎಚ್‌ಡಿಎಕ್ಸ್‌ನಲ್ಲಿರುವುದು ಮೂಲ ಕಡತದಲ್ಲಿ ಬೆರೆಯುತ್ತದೆ. ಕಡತ ದೊಡ್ಡದಿದ್ದರೆ ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ಯಂತ್ರ ಬಂದ್ ಮಾಡಬೇಡಿ. ಚೆಕ್‌ಪಾಯಿಂಟ್ ಎಂಬುದು ಬ್ಯಾಕಪ್‌ಗೆ ಬದಲಿಯಲ್ಲ. ಅಪ್‌ಡೇಟ್ ಹಾಕುವ ಮುನ್ನ ತೆಗೆದು, ಎಲ್ಲವೂ ಸರಿಯಿದೆ ಎಂದು ಕಂಡ ಮೇಲೆ ಅಳಿಸಿಬಿಡಬೇಕಾದ ವಸ್ತು ಅದು.

ಪ್ರಶ್ನೆ: ಯಾದಗಿರಿ ಜಿಲ್ಲೆಯ ಒಂದು ಹತ್ತಿ ಜಿನ್ನಿಂಗ್ ಕಾರ್ಖಾನೆಯಲ್ಲಿ ಸರ್ವರ್‌ನ ನೆಟ್‌ವರ್ಕ್ ಕಾರ್ಡ್ ಕೆಟ್ಟಿತ್ತೆಂದು ಹೊಸದನ್ನು ಹಾಕಿಸಿದೆವು. ಮೂಲ ಯಂತ್ರಕ್ಕೆ ಇಂಟರ್‌ನೆಟ್ ಬರುತ್ತಿದೆ, ಒಳಗಿನ ಮೂರೂ ವರ್ಚುವಲ್ ಸರ್ವರ್‌ಗಳು ಓಡುತ್ತಿವೆ, ಆದರೆ ಒಂದೂ ಹೊರಗಿನಿಂದ ಸಿಗುತ್ತಿಲ್ಲ.
– ಓದುಗರು, ಶಹಾಪುರ

ಉತ್ತರ: ಮೂರೂ ಒಟ್ಟಿಗೆ ಹೋಗಿವೆ ಎಂದರೆ ಒಂದೊಂದು ಸರ್ವರ್‌ನೊಳಗೂ ಹೊಕ್ಕು ಹುಡುಕುವ ಅಗತ್ಯವಿಲ್ಲ. ವರ್ಚುವಲ್ ಸ್ವಿಚ್ ಇನ್ನೂ ತೆಗೆದುಹಾಕಿದ ಹಳೆಯ ಕಾರ್ಡಿಗೇ ಕಟ್ಟಿಕೊಂಡಿದೆ. ಹೈಪರ್-ವಿ ಮ್ಯಾನೇಜರ್‌ನಲ್ಲಿ ‘ವರ್ಚುವಲ್ ಸ್ವಿಚ್ ಮ್ಯಾನೇಜರ್’ ತೆರೆದು, ಆ ಸ್ವಿಚ್ ‘ಎಕ್ಸ್‌ಟರ್ನಲ್’ ಎಂದೇ ಇದೆಯೇ ಎಂದು ನೋಡಿ, ಅದರ ಕೆಳಗಿನ ಪಟ್ಟಿಯಲ್ಲಿ ಹೊಸ ಕಾರ್ಡನ್ನು ಆರಿಸಿ. ಹಳೆಯ ಸ್ವಿಚ್ಚನ್ನು ಅಳಿಸಿ ಹೊಸದನ್ನು ಮಾಡಿದರೆ ಮೂರೂ ಸರ್ವರ್‌ಗಳ ಸೆಟ್ಟಿಂಗ್ಸ್‌ಗೆ ಹೋಗಿ ಮತ್ತೆ ಜೋಡಿಸಬೇಕಾಗುತ್ತದೆ, ಆದ್ದರಿಂದ ಇರುವುದನ್ನೇ ತಿದ್ದುವುದು ಮೇಲು. ಮೂಲ ಯಂತ್ರಕ್ಕೂ ಅದೇ ಕಾರ್ಡಿನಿಂದ ಜಾಲ ಬೇಕಾಗಿದ್ದರೆ, ಮ್ಯಾನೇಜ್‌ಮೆಂಟ್ ಆಪರೇಟಿಂಗ್ ಸಿಸ್ಟಮ್ (ಮೂಲ ಯಂತ್ರದ ವಿಂಡೋಸ್) ಜೊತೆ ಹಂಚಿಕೊಳ್ಳುವ ಆಯ್ಕೆಗೆ ಗುರುತು ಹಾಕಲು ಮರೆಯಬೇಡಿ. ಈ ಬದಲಾವಣೆಯಾಗುವಾಗ ಮೂಲ ಯಂತ್ರದ ಸಂಪರ್ಕವೂ ಕೆಲವು ಕ್ಷಣ ಕಡಿಯುತ್ತದೆ, ಗುರುತು ತಪ್ಪಿದರೆ ಮರಳಿ ಬರುವುದೇ ಇಲ್ಲ. ಹಾಗಾಗಿ ಮನೆಯಲ್ಲಿ ಕುಳಿತು ರಿಮೋಟ್ ಡೆಸ್ಕ್‌ಟಾಪ್‌ನಿಂದ ಇದನ್ನು ಮಾಡಬೇಡಿ. ಕಾರ್ಖಾನೆಗೆ ಹೋಗಿ, ಸರ್ವರ್‌ಗೆ ಕೀಬೋರ್ಡ್, ಮಾನಿಟರ್ ಜೋಡಿಸಿಕೊಂಡೇ ಮಾಡಿ.